ಮೂವತ್ತೊಂದನೇ ಮಗು

ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷನಿಗೆ ಆಗಸ್ಟ್ 15ರಂದು ಬಾವುಟದ ಪಕ್ಕ ಒಂದು ಕುರ್ಚಿ ಸಿಗುತ್ತದೆ. ಉಳಿದ ದಿನಗಳಲ್ಲಿ ಟೀ ಅಂಗಡಿ ಮುಂದೆ, "ಸ್ಕೂಲಿಗೆ ಬಂದ ದುಡ್ಡು ಏನಾಯ್ತಣ್ಣ?" ಅನ್ನೋ ಪ್ರಶ್ನೆ ಸಿಗುತ್ತದೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಒಂದು ಸಣ್ಣ ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ನಾನು ಒಂದು ಅವಧಿ ಅಧ್ಯಕ್ಷನಾಗಿದ್ದೆ. ಓದಿದ್ದು ಪಿಯುಸಿ, ಕಸುಬು ಕಡ್ಲೆಕಾಯಿ, ರಾಗಿ. ಹೊರಗಿನವರಿಗೆ ಒಂದು ಮಾತು: ಕಂದಾಯದ ಲೆಕ್ಕಕ್ಕೆ ತುಮಕೂರು ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಸೇರಿ ನಮ್ಮದು ಬೇರೆ. ನಮಗೆ ಡಿಡಿಪಿಐ, ಅಂದರೆ ಇಲಾಖೆಯ ಉಪನಿರ್ದೇಶಕರು ಕೂಡ ಬೇರೆ.

ನಮ್ಮ ರಾಜ್ಯದಲ್ಲಿ ಈ ಸಮಿತಿಗಳು ಬಂದದ್ದು 2001ರಲ್ಲಿ, ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಕೊಟ್ಟ ಸಲಹೆಯ ಮೇಲೆ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಪಾಲು ಹೆಂಗಸರು ಇರಬೇಕು ಅಂತ ಅದು ಹೇಳಿತು. ಪುಸ್ತಕದಲ್ಲಿ ನಮ್ಮಲ್ಲೂ ಅರ್ಧ ಹೆಂಗಸರೇ ಇದ್ದರು. ಸಭೆಗೆ ಮಾತ್ರ ಅವರ ಗಂಡಂದಿರು ಬರುತ್ತಿದ್ದರು, ನಡಾವಳಿ ಪುಸ್ತಕ ಸಹಿಗೆ ಮನೆಗೆ ಹೋಗುತ್ತಿತ್ತು. ಕಾರಣ ಹುಡುಕೋಕೆ ದೊಡ್ಡ ತನಿಖೆ ಬೇಕಿರಲಿಲ್ಲ. ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಆ ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಸಂಜೆ ಇಟ್ಟರೆ ಮೇಷ್ಟ್ರಿಗೆ ಬಸ್ಸು ತಪ್ಪುತ್ತದೆ, ಹೆಂಗಸರಿಗೆ ಡೈರಿಗೆ ಹಾಲು ಹಾಕೋ ಹೊತ್ತು. ಕೊನೆಗೆ ಶನಿವಾರ ಬೆಳಗಿನ ಶಾಲೆ ಮುಗಿಯುತ್ತಿದ್ದ ಹಾಗೆ ಅಲ್ಲೇ ಕೂರೋಣ ಅಂತ ಆಯಿತು. ಅವತ್ತಿನಿಂದ ಸಭೆಯಲ್ಲಿ ಮಾತೇ ಬದಲಾಯಿತು. ಗಂಡಸರು ಕಾಂಪೌಂಡು, ಗೇಟು, ಕಮಾನು ಅನ್ನುತ್ತಿದ್ದರು. ಹೆಂಗಸರು ಬಂದವರೇ, "ನನ್ನ ಮಗನಿಗೆ ಒತ್ತಕ್ಷರ ಬರಲ್ಲ ಯಾಕೆ ಮೇಡಂ?" ಅಂತ ಶುರು ಮಾಡಿದರು.

ಇನ್ನು ದುಡ್ಡು. ಸಂಬಳ ಶಿಕ್ಷಕರ ಖಾತೆಗೆ ನೇರ ಹೋಗುತ್ತದೆ. ಪಠ್ಯಪುಸ್ತಕ, ಸಮವಸ್ತ್ರ ಸಾಮಾನಿನ ರೂಪದಲ್ಲಿ ಬರುತ್ತವೆ. ಸಮಿತಿ ಕೈಯಾಡಿಸುವಂಥದ್ದು ಮುಖ್ಯವಾಗಿ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ. ಮಕ್ಕಳು 30ರ ಒಳಗಿದ್ದರೆ ವರ್ಷಕ್ಕೆ 10,000 ರೂಪಾಯಿ. 31ರಿಂದ 100ರವರೆಗೆ 25,000. 101ರಿಂದ 250ರವರೆಗೆ 50,000. ಅದರಲ್ಲೇ ಸೀಮೆಸುಣ್ಣ, ರಿಜಿಸ್ಟರು, ನಲ್ಲಿ ರಿಪೇರಿ, ಬಾಗಿಲ ಚಿಲಕ, ಸುಣ್ಣಬಣ್ಣ. ಕನಿಷ್ಠ ಶೇ. 10ನ್ನು ಸ್ವಚ್ಛತೆಗೇ ಖರ್ಚು ಮಾಡಬೇಕು. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಅಂತ 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಹೇಳುವವರೆಗೆ ಕರೆಂಟು ಬಿಲ್ಲೂ ಇದರಲ್ಲೇ. ಮಾರ್ಚ್ ಮುಗಿಯೋದರೊಳಗೆ ಖರ್ಚಾಗದ್ದು ಶಾಲೆಗೆ ಉಳಿಯುವುದಿಲ್ಲ. ಅನುದಾನ ತಡವಾಗಿ ಬಂದ ವರ್ಷ ಫೆಬ್ರುವರಿಯಲ್ಲಿ ಎಲ್ಲರೂ ಒಟ್ಟಿಗೇ ಪೇಂಟ್ ಅಂಗಡಿಗೆ ಓಡುತ್ತಾರೆ.

ನಮ್ಮ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಮೂವತ್ತರ ಆಸುಪಾಸಿನಲ್ಲೇ ಹೊಯ್ದಾಡುತ್ತಿತ್ತು. 30 ಮಕ್ಕಳಿದ್ದರೆ ಹತ್ತು ಸಾವಿರ, ಇನ್ನೊಂದು ಮಗು ಸೇರಿದರೆ ಇಪ್ಪತ್ತೈದು ಸಾವಿರ! ಆ ಒಂದು ಮಗುವಿನ ಬೆಲೆ ಹದಿನೈದು ಸಾವಿರ. ಶಾಲೆಗಳ ಅಂಕಿಅಂಶ ತುಂಬುವ ಯು-ಡೈಸ್‌ನಲ್ಲಿ ದಾಖಲಾದ ಸಂಖ್ಯೆಯೇ ಅನುದಾನಕ್ಕೂ ಆಧಾರ, ಶಿಕ್ಷಕರ ಹುದ್ದೆಗೂ ಆಧಾರ. ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರೇ ಶಿಕ್ಷಕರು, 61 ಆದರೆ ಮೂವರು. ಅಂದರೆ ನಮ್ಮಂಥ ಶಾಲೆಯಲ್ಲಿ ಒಬ್ಬರು ಒಂದರಿಂದ ಮೂರನೇ ತರಗತಿಯನ್ನು ನಲಿ-ಕಲಿಯಲ್ಲಿ ಒಟ್ಟಿಗೆ ಕೂರಿಸಿಕೊಳ್ಳಬೇಕು, ಇನ್ನೊಬ್ಬರು ನಾಲ್ಕು, ಐದನ್ನು. ಇಬ್ಬರಲ್ಲಿ ಒಬ್ಬರು ತರಬೇತಿಗೋ ಮೀಟಿಂಗಿಗೋ ಹೋದರೆ ಐದೂ ತರಗತಿ ಒಬ್ಬರ ತಲೆಗೆ. ಇದನ್ನು ನೋಡಿದ ಪೋಷಕ ಮಗುವನ್ನು ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಾನೆ. ಒಂದು ಮಗು ವ್ಯಾನು ಹತ್ತಿತು ಅಂದರೆ ಅನುದಾನದ ಮೆಟ್ಟಿಲು ಇಳಿಯಿತು. ಊರಲ್ಲಿ ಇದನ್ನು ಇಂಗ್ಲಿಷ್ ವ್ಯಾಮೋಹ ಅಂತ ಬೈದು ಸುಮ್ಮನಾಗುವವರೇ ಜಾಸ್ತಿ. ನಾನು ಬೈಯಲಿಲ್ಲ, ಎಲ್ಲಿ ಸೋರುತ್ತಿದೆ ಅಂತ ನೋಡಿದೆ.

ಒಂದನೇ ತರಗತಿಯಲ್ಲಿ ಸೋರುತ್ತಿರಲಿಲ್ಲ, ಅದಕ್ಕೂ ಎರಡು ವರ್ಷ ಮೊದಲೇ ಸೋರುತ್ತಿತ್ತು. ನಮ್ಮ ಶಾಲೆ ಮಗುವನ್ನು ಸೇರಿಸಿಕೊಳ್ಳೋದು ಆರು ವರ್ಷದ ಆಸುಪಾಸಿಗೆ. ಖಾಸಗಿಯವರು ಮೂರೂವರೆ ನಾಲ್ಕಕ್ಕೇ ಎಲ್‌ಕೆಜಿಗೆ ಕರೆದುಕೊಂಡು ಹೋಗುತ್ತಾರೆ. ಜೂನ್‌ನಲ್ಲಿ ನಾವು ತಮಟೆ ಬಾರಿಸಿಕೊಂಡು ದಾಖಲಾತಿ ಆಂದೋಲನದ ಜಾಥಾ ಹೊರಟಾಗ, ಆ ಮಗು ಟೈ ಕಟ್ಟಿಕೊಂಡು ಎರಡು ವರ್ಷ ಆಗಿರುತ್ತದೆ. ಹಾಗಾಗಿ ಜಾಥಾ ಬಿಟ್ಟು ಅಂಗನವಾಡಿ ಟೀಚರಮ್ಮನನ್ನು ಹಿಡಿದೆವು. ಅಂಗನವಾಡಿ ನಡೆಯುತ್ತಿದ್ದುದು ಊರಾಚೆಯ ಬಾಡಿಗೆ ಕೋಣೆಯಲ್ಲಿ, ಶಾಲೆಯಲ್ಲಿ ಒಂದು ಕೊಠಡಿ ಖಾಲಿ. ಎರಡು ಇಲಾಖೆಯ ಒಪ್ಪಿಗೆ ಬೇಕಿತ್ತು. ತಾಲ್ಲೂಕು ಕಚೇರಿಗಳ ನಡುವೆ ಕಾಗದ ಓಡಾಡಿದ್ದನ್ನು ಬರೆದರೆ ಅದೇ ಒಂದು ಪುರಾಣ, ಬಿಡಿ. ಕೊನೆಗೆ ಅಂಗನವಾಡಿ ಶಾಲೆಯ ಆವರಣಕ್ಕೆ ಬಂತು. ನಾಲ್ಕು ವರ್ಷದ ತಂಗಿ ಅಣ್ಣನ ಕೈ ಹಿಡಿದು ಅದೇ ಗೇಟಿನಲ್ಲಿ ಬರೋದಕ್ಕೆ ಶುರು ಮಾಡಿದಳು. ಅಂಥ ಮಕ್ಕಳು ಮುಂದೆ ಅಲ್ಲೇ ಒಂದನೇ ತರಗತಿಗೆ ಸೇರಿದರು, ಮೂವತ್ತೊಂದನೇ ಮಗು ಸಿಕ್ಕಿದ್ದು ಹಾಗೆ.

ಲೆಕ್ಕದ ವಿಷಯಕ್ಕೆ ಬರುತ್ತೇನೆ. ಖರ್ಚಿಗೆ ಮುಖ್ಯ ಶಿಕ್ಷಕರದೂ ಅಧ್ಯಕ್ಷರದೂ ಜಂಟಿ ಸಹಿ. ಕೆಲವು ಕಡೆ ಅಧ್ಯಕ್ಷರು ಬೈಕ್ ಮೇಲೆ ಕೂತೇ ಸಹಿ ಹಾಕುವುದನ್ನು ನೋಡಿದ್ದೇನೆ. ನಾನು ಒಂದೇ ಒಂದು ಷರತ್ತು ಹಾಕಿದೆ: ಜಗುಲಿಯ ಕಪ್ಪು ಹಲಗೆಯ ಮೇಲೆ ಬಂದದ್ದು, ಹೋದದ್ದು, ಉಳಿದದ್ದು ಸೀಮೆಸುಣ್ಣದಲ್ಲಿ ಬರೆಯಬೇಕು. ಮುಖ್ಯ ಶಿಕ್ಷಕರು ಮೊದಲಿಗೆ ಹಿಂಜರಿದರು. "ಅಧ್ಯಕ್ಷರೇ, ಊರವರು ಒಂದೊಂದು ಪೈಸೆಗೂ ಪ್ರಶ್ನೆ ಹಾಕ್ತಾರೆ" ಅಂದರು. ಹಾಕಿದರು ಕೂಡ. ಫಿನಾಯಿಲ್‌ಗೆ ಇಷ್ಟೊಂದಾ ಅಂತ ಒಬ್ಬರು, ನಾನೇ ಕಡಿಮೆಗೆ ತಂದುಕೊಡ್ತಿದ್ದೆ ಅಂತ ಇನ್ನೊಬ್ಬರು. ಕಡಿಮೆಗೆ ತಂದುಕೊಡುವವರನ್ನು ಮುಂದಿನ ಸಲ ಅಂಗಡಿಗೆ ಕಳಿಸಿದೆವು. ಟೀ ಅಂಗಡಿಯ ಮಾತು ಪೂರ್ತಿ ನಿಂತಿತು ಅಂತ ಹೇಳಲಾರೆ. ಆದರೆ "ಲಕ್ಷಗಟ್ಟಲೆ ಬರುತ್ತಂತೆ" ಅನ್ನೋದು ನಿಂತಿತು.

ಶೂ ಖರೀದಿ ಇದ್ದದ್ದೂ ಸಮಿತಿಯ ಕೊರಳಿಗೆ. ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸು, ಎಲ್ಲ ಸೇರಿ ಆಗ 265 ರೂಪಾಯಿ. ಮೂರು ಕೊಟೇಶನ್ ತರಬೇಕು. ಅಂಗಡಿಯವರು ಅಳತೆ ಕೇಳಿದರೆ ವಯಸ್ಸು ಹೇಳಿ ತರೋದು ವಾಡಿಕೆ, ಅರ್ಧ ಮಕ್ಕಳ ಕಾಲಿಗೆ ಹಿಡಿಯುವುದಿಲ್ಲ. ನಾವು ಹಳೇ ಪೇಪರ್ ಹಾಸಿ, ಒಂದೊಂದೇ ಮಗುವಿನ ಪಾದದ ಸುತ್ತ ಪೆನ್ಸಿಲ್ ಎಳೆದು, ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಕತ್ತರಿಸಿ, ಮೇಲೆ ಹೆಸರು ಬರೆದು ಅಂಗಡಿಗೆ ಒಯ್ದೆವು. ಅಂಗಡಿಯವನು ನಕ್ಕ. ವಾಪಸ್ ಕೊಟ್ಟ ಶೂ ಮಾತ್ರ ಆ ವರ್ಷ ಒಂದೂ ಇರಲಿಲ್ಲ. ಮಕ್ಕಳಿಗೆ ಕೊಡೋ ಮೊಟ್ಟೆಯದು ಬೇರೆ ಕಥೆ: ಮೊಟ್ಟೆ, ಬೇಯಿಸೋ ಗ್ಯಾಸು, ಸುಲಿಯೋ ಕೂಲಿ ಎಲ್ಲ ಸೇರಿ ಆಗ ಸರ್ಕಾರ ಕೊಡುತ್ತಿದ್ದುದು ಒಂದಕ್ಕೆ 6 ರೂಪಾಯಿ. ಮಾರುಕಟ್ಟೆಯಲ್ಲಿ ಮೊಟ್ಟೆಯೇ ಆರು ದಾಟಿದಾಗ ಆ ವ್ಯತ್ಯಾಸ ಯಾರ ಜೇಬಿನಿಂದ ಹೋಗುತ್ತದೆ ಅಂತ ಯಾವ ಸುತ್ತೋಲೆಯೂ ಹೇಳುವುದಿಲ್ಲ. ಹೋಗೋದು ಮೇಷ್ಟ್ರ ಜೇಬಿನಿಂದ.

2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ಸ್ವಇಚ್ಛೆಯಿಂದ ತಿಂಗಳಿಗೆ 100 ರೂಪಾಯಿ ತೆಗೆದುಕೊಳ್ಳಬಹುದು ಅಂತ ಒಂದು ಸುತ್ತೋಲೆ ಬಂತು. ಗದ್ದಲ ಎದ್ದು ಅದೇ ತಿಂಗಳು ವಾಪಸ್ಸೂ ಆಯಿತು. ವಾಪಸ್ಸಾದದ್ದೇ ಒಳ್ಳೆಯದು. ಕೂಲಿ ಮಾಡುವವರ ಊರಲ್ಲಿ ಸ್ವಇಚ್ಛೆ ಅನ್ನೋದು ಎರಡನೇ ತಿಂಗಳಿಗೆ ಬಾಕಿ ಪಟ್ಟಿಯಾಗುತ್ತದೆ. ಕೊಡಬಲ್ಲವರು ಹೇಗೂ ಕೊಡುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುವ ನಮ್ಮೂರ ಹಳೇ ವಿದ್ಯಾರ್ಥಿಗಳು ಜಾತ್ರೆಗೆ ಬಂದಾಗ ದೇವರ ಪಟ್ಟಿಯ ಜೊತೆಗೇ ಶಾಲೆಯ ರಸೀತಿ ಪುಸ್ತಕವನ್ನೂ ಮುಂದಿಟ್ಟೆವು. ನೀರಿನ ಫಿಲ್ಟರ್ ಬಂದದ್ದು ಹಾಗೆ.

ಕಾಂಪೌಂಡಿಗೆ ಪಂಚಾಯಿತಿಯೇ ಗತಿ. ಆಗಿನ ಉದ್ಯೋಗ ಖಾತ್ರಿ ಯೋಜನೆ ನರೇಗಾದಲ್ಲಿ ಕೂಲಿಗೆ ಶೇ. 60, ಸಾಮಗ್ರಿಗೆ ಶೇ. 40 ಅನ್ನೋ ಅನುಪಾತ ಇತ್ತು. ಗೋಡೆ ಅಂದರೆ ಕಲ್ಲು, ಸಿಮೆಂಟು, ಬರೀ ಸಾಮಗ್ರಿ. "ಅನುಪಾತ ಮೀರುತ್ತೆ, ಆಗಲ್ಲ" ಅಂತ ಪಿಡಿಒ ಹೇಳಿದ್ದು ಸುಳ್ಳಲ್ಲ. ಹಾಗಾದರೆ ಕೂಲಿ ಕಡೆಯನ್ನೇ ಹೆಚ್ಚಿಸೋಣ ಅಂತ, ಗ್ರಾಮಸಭೆಯಲ್ಲಿ ನಮ್ಮ ಪೋಷಕರೇ ತಮ್ಮ ತಮ್ಮ ಹೊಲಕ್ಕೆ ಬದು ನಿರ್ಮಾಣದ ಅರ್ಜಿ ಕೊಟ್ಟರು. ಬದು ಅಂದರೆ ಪೂರಾ ಕೂಲಿ ಕೆಲಸ. ಕ್ರಿಯಾ ಯೋಜನೆಯಲ್ಲಿ ಬದುಗಳ ಬೆನ್ನಿಗೆ ಶಾಲೆಯ ಗೋಡೆಯೂ ಸೇರಿತು. ಹೊಲದಲ್ಲಿ ಮಳೆ ನೀರು ನಿಂತಿತು, ಶಾಲೆಗೆ ದನ ನುಗ್ಗೋದು ತಪ್ಪಿತು.

ಇಷ್ಟೆಲ್ಲ ಆದರೂ ಕಲಿಕೆ ಬೇರೆಯದೇ ಮಾತು. ಕೋವಿಡ್ ರಜೆ ಮುಗಿದು 2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿ ಮತ್ತೆ ತೆರೆದಾಗ, ಎರಡನೇ ತರಗತಿಯ ಮಕ್ಕಳು ಸರಿಯಾಗಿ ಶಾಲೆಯನ್ನೇ ಕಂಡಿರಲಿಲ್ಲ. ಮಾರನೇ ವರ್ಷ ತಪ್ಪಿದ ಪಾಠ ತುಂಬಿಕೊಡೋ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು, ಅಭ್ಯಾಸದ ಹಾಳೆಗಳು ಬಂದವು. ಮಕ್ಕಳ ಫಲಿತಾಂಶ ತುಂಬುವ ಎಸ್‌ಎಟಿಎಸ್‌ ತಂತ್ರಾಂಶದಲ್ಲಿ ಎಲ್ಲರದೂ ಎ, ಎ ಪ್ಲಸ್. ಆ ಶ್ರೇಣಿಗಳನ್ನು ನಂಬಿ ಕೂತರೆ ಸಮಿತಿಗೆ ಏನೂ ಗೊತ್ತಾಗುವುದಿಲ್ಲ. ಮಕ್ಕಳಿಂದ ಸಭೆಯಲ್ಲೇ ಓದಿಸೋಣ ಅಂತ ಒಬ್ಬ ಸದಸ್ಯರು ಸೂಚಿಸಿದರು. ನಾಲ್ಕನೇ ತರಗತಿ ಮೇಡಂ ಖಂಡಿತ ಬೇಡ ಅಂದರು, ಹತ್ತು ಜನರ ಮುಂದೆ ತಡವರಿಸಿದ ಮಗು ಮಾರನೇ ದಿನ ಶಾಲೆಗೇ ಬರಲ್ಲ ಅಂತ. ಅವರ ಮಾತೇ ಸರಿ. ಪೋಷಕರನ್ನು ಶಾಲೆಗೆ ಕರೆಯುವ 'ಸಮುದಾಯದತ್ತ ಶಾಲೆ' ಕಾರ್ಯಕ್ರಮದ ದಿನ ತಾಯಿ, ಮಗು, ಮೇಡಂ ಮೂವರೇ ಒಂದು ಮೂಲೆಯಲ್ಲಿ ಕೂರೋದು. ಒಂದು ಪ್ಯಾರಾ ಓದು, ಒಂದು ಕಳೆಯೋ ಲೆಕ್ಕ. ಅಷ್ಟೇ.

52ರಲ್ಲಿ 27 ಕಳೆದರೆ 35 ಅಂತ ಮಗುವಿನ ಮೇಲೆ ಮಗು ಬರೆಯಿತು. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದುಬಿಡೋದು. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಒಬ್ಬ ತಾಯಿ ಅಲ್ಲೇ ಮಗನನ್ನು ಕೇಳಿದಳು: "ಐವತ್ತೆರಡು ರೂಪಾಯಿ ಇಟ್ಕೊಂಡು ಅಂಗಡಿಗೆ ಹೋಗಿದೀಯ. ಇಪ್ಪತ್ತೇಳು ಕೊಡ್ಬೇಕು. ಚಿಲ್ಲರೆ ಎರಡೇ ಐತೆ. ಏನ್ ಮಾಡ್ತೀಯ?" ಹುಡುಗ, "ಹತ್ತರ ನೋಟು ಮುರಿಸ್ತೀನಿ" ಅಂದ. ಮೇಡಂ ಅದನ್ನೇ ಹಿಡಿದುಕೊಂಡರು. ರಟ್ಟಿನ ಹತ್ತರ ನೋಟು, ಒಂದರ ಬಿಲ್ಲೆ ಮಾಡಿಸಿ, ನಾಲ್ಕು, ಐದನೇ ತರಗತಿಗೆ ದಿನಾ ಅರ್ಧ ಗಂಟೆ ಅಂಗಡಿ ಆಟ ಆಡಿಸಿದರು. ರಟ್ಟು, ಕತ್ತರಿ, ಅಂಟಿಗೆ ಆದ ಖರ್ಚು ಜಗುಲಿಯ ಹಲಗೆಯಲ್ಲಿ ಫಿನಾಯಿಲ್‌ಗಿಂತ ಕೆಳಗಿನ ಸಾಲಿನಲ್ಲಿತ್ತು. ಮುಂದಿನ ಸಲ ತಾಯಂದಿರು ಕೂತಾಗ 35 ಬರೆದವರು ಬೆರಳೆಣಿಕೆ. ಓದಿನಲ್ಲಿ ಅಷ್ಟು ಬೇಗ ಏನೂ ಆಗಲಿಲ್ಲ. ಮನೆಯಲ್ಲಿ ಓದೋಕೆ ಪುಸ್ತಕವೇ ಇಲ್ಲದ ಮಕ್ಕಳಿಗೆ ಅದು ಇವತ್ತಿಗೂ ನಿಧಾನವೇ.

ನನ್ನ ಮಗಳು ಐದನೇ ತರಗತಿ ಮುಗಿಸಿ ಪಕ್ಕದೂರಿಗೆ ಹೋದಳು, ಅಲ್ಲಿಗೆ ನನ್ನ ಸದಸ್ಯತ್ವವೂ ಮುಗಿಯಿತು. ಈಗ ಅಧ್ಯಕ್ಷೆಯಾಗಿರೋದು ಆ ಸಂಘದ ಲೆಕ್ಕ ಬರೆಯುವ ತಾಯಿ. ಸಹಿ ಹಾಕುವ ಮೊದಲು ಏನೇನು ನೋಡಬೇಕು ಅಂತ ಕೇಳಿದ್ದರು. ಯು-ಡೈಸ್ ಹಾಳೆ, ನಗದು ಪುಸ್ತಕ, ಹಿಂದಿನ ಸಭೆಯ ನಡಾವಳಿ ಅಂದೆ. ಅಂಗನವಾಡಿಯಿಂದ ಬರುವ ಜೂನ್‌ಗೆ ಎಷ್ಟು ಮಕ್ಕಳು ಆರು ತುಂಬುತ್ತಾರೆ ಅನ್ನೋ ಪಟ್ಟಿಯನ್ನು ಅವರು ಆಗಲೇ ಮಾಡಿಟ್ಟುಕೊಂಡಿದ್ದರು.