ಮೊದಲ ಕವನ ಸಂಕಲನ: ಅಚ್ಚಿಗೆ ಕೊಡುವ ಮುನ್ನ

ಮೊದಲ ಪುಸ್ತಕ ತರುವ ಕವಿಗಳು ಮುಖಪುಟಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಒಳಪುಟಗಳನ್ನು ಮಾತ್ರ ಒಂದೇ ಸಂಜೆ ಮೊಬೈಲಿನಲ್ಲಿ ನೋಡಿ ‘ಸರಿಯಿದೆ’ ಎಂದುಬಿಡುತ್ತಾರೆ. ಪುಸ್ತಕ ಕೆಡುವುದು ಅಲ್ಲೇ. ಕಾದಂಬರಿಯಲ್ಲಿ ಸಾಲು ಎಲ್ಲಿ ಮುರಿದರೂ ನಡೆಯುತ್ತದೆ, ಕವಿತೆಯಲ್ಲಿ ನಡೆಯುವುದಿಲ್ಲ.

ಮೊದಲು ಆಯ್ಕೆ. ಅಚ್ಚಿನ ಲೆಕ್ಕ ಸಾಮಾನ್ಯವಾಗಿ 16 ಪುಟಗಳ ಫಾರಂನದು (ಒಂದೇ ದೊಡ್ಡ ಹಾಳೆಯಿಂದ ಬರುವ ಪುಟಗಳ ಕಟ್ಟು), ಹಾಗಾಗಿ 80 ಅಥವಾ 96 ಪುಟ ಎಂದು ಗುರಿ ಇಟ್ಟುಕೊಳ್ಳಿ. ಶೀರ್ಷಿಕೆ, ಹಕ್ಕುವಿವರ, ಅರ್ಪಣೆ, ಮುನ್ನುಡಿ, ಪರಿವಿಡಿಗೆ 12–14 ಪುಟ ಹೋದರೆ 96ರಲ್ಲಿ ಸುಮಾರು 50 ಕವಿತೆಗಳಿಗೆ ಜಾಗ. 120 ಬರೆದಿದ್ದರೆ 70 ಹೊರಗೆ! ಕಡತದಲ್ಲಿ ‘ಮೌನ’, ‘ನೆನಪು’, ‘ಬೆಳದಿಂಗಳು’ ಎಂದು ಹುಡುಕಿ. ಒಂದೇ ಪ್ರತಿಮೆ ನಾಲ್ಕು ಕಡೆ ಸಿಕ್ಕರೆ ಗಟ್ಟಿಯಾದ ಒಂದನ್ನು ಉಳಿಸಿ. ಸಾಲಿನ ಕೊನೆಗೆ ಏಳೆಂಟು ಚುಕ್ಕಿ ಸುರಿಯುವ ಚಟವಿದ್ದರೆ ಅದನ್ನೂ ಈಗಲೇ ಕತ್ತರಿಸಿ.

ಅನುಕ್ರಮಕ್ಕೆ ಕಂಪ್ಯೂಟರ್ ಬೇಡ. ಒಂದೊಂದು ಕವಿತೆಯನ್ನೂ ಬೇರೆ ಹಾಳೆಯಲ್ಲಿ ಮುದ್ರಿಸಿ ನೆಲದ ಮೇಲೆ ಹರಡಿ, ಒಂದರ ಕೊನೆಯ ಸಾಲು ಮತ್ತು ಮುಂದಿನದರ ಶೀರ್ಷಿಕೆಯನ್ನು ಒಟ್ಟಿಗೆ ಓದಿ. ಬರೆದ ದಿನಾಂಕದ ಪ್ರಕಾರ ಜೋಡಿಸುವುದು ಬೇಡವೇ ಬೇಡ.

ಮುನ್ನುಡಿ ಒಂದೇ ಸಾಕು. ಬರೆಯುವವರಿಗೆ ಒಂದೂವರೆ ತಿಂಗಳು ಕೊಡಿ.

ಇನ್ನು ಅಕ್ಷರ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನೆಲ್ಲ ಹಳೆಯ ಪ್ರತಿಯ ಪಕ್ಕದಲ್ಲಿಟ್ಟು ನೋಡಿ. ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗಿರುತ್ತದೆ. ಇದಕ್ಕಿಂತ ಕಳ್ಳ ತಪ್ಪು ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ (೦) ಕೂತಿರುವುದು. ‘ಸ೦ಜೆ’, ‘ಸಂಜೆ’ ಕಣ್ಣಿಗೆ ಒಂದೇ. ಆದರೆ ಕೆಲವು ಫಾಂಟುಗಳಲ್ಲಿ ಅಂತರ ಹೆಚ್ಚುಕಡಿಮೆಯಾಗುತ್ತದೆ, ಹುಡುಕಿದರೆ ಪದ ಸಿಗುವುದಿಲ್ಲ. ಸೊನ್ನೆಯನ್ನೇ ಹುಡುಕಿ, ಅಂಕಿಗಳಲ್ಲಿರುವುದನ್ನು ಬಿಟ್ಟು ಉಳಿದದ್ದನ್ನು ತಿದ್ದಿ. ಪ ಮತ್ತು ಷ, ಥ ಮತ್ತು ಧ, ಘ ಮತ್ತು ಫ ಅದಲುಬದಲಾಗಿದ್ದನ್ನು ಹಿಡಿಯಲು ಕಾಗದದ ಮೇಲೆ ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿ. ಮೇಲಿನಿಂದ ಓದಿದರೆ ಲಯ ಎಳೆದೊಯ್ಯುತ್ತದೆ, ತಪ್ಪು ಕಾಣದು.

ಪುಟವಿನ್ಯಾಸವೇ ನಿಜವಾದ ಪರೀಕ್ಷೆ. ಪುಸ್ತಕದ ಡೆಮಿ 1/8 ಆಕಾರ ಸುಮಾರು 5.5 x 8.5 ಇಂಚು. ಅಂಚು ಕಳೆದರೆ ಸಾಲಿಗೆ ಉಳಿಯುವುದು ಸುಮಾರು 4 ಇಂಚು. ನೀವು ಬರೆದದ್ದು ಎ4 ಹಾಳೆಯಲ್ಲಿ. ‘ಕೆರೆಯ ಏರಿಯ ಮೇಲೆ ನಿಂತವಳ ನೆರಳು ನೀರಿಗೆ ಬಿದ್ದು’ ಎಂಬ ಸಾಲು ಅಲ್ಲಿ ಸಲೀಸಾಗಿ ಕೂತಿತ್ತು, ಇಲ್ಲಿ ‘ಬಿದ್ದು’ ಒಂದೇ ಕೆಳಗಿಳಿಯುತ್ತದೆ. ಓದುಗರು ಅದನ್ನು ಬೇಕೆಂದೇ ಮುರಿದ ಸಾಲು ಎಂದುಕೊಳ್ಳುತ್ತಾರೆ. ಆದ್ದರಿಂದ ಕಡತ ಕೊಡುವ ಮೊದಲೇ ಅದೇ ಫಾಂಟು, ಅದೇ ಅಳತೆಯಲ್ಲಿ 4 ಇಂಚಿಗೆ ಇಟ್ಟು ನೋಡಿ. ಉಕ್ಕುವ ಸಾಲುಗಳು ನಾಲ್ಕೈದಿದ್ದರೆ ನೀವೇ ಬೇರೆ ಕಡೆ ಮುರಿಯಿರಿ, ಇಲ್ಲವೇ ಉಳಿದ ತುಂಡನ್ನು ಬಲಕ್ಕೆ ಚೆನ್ನಾಗಿ ಒಳಸರಿಸಿ. ತುಂಬ ಇದ್ದರೆ ಇಡೀ ಪುಸ್ತಕದ ಅಕ್ಷರ ಅರ್ಧ ಪಾಯಿಂಟ್ ಇಳಿಸಿ. ಒಂದೇ ಕವಿತೆಗೆ ಅಕ್ಷರ ಚಿಕ್ಕದು ಮಾಡುವ ಉಪಾಯ ಅಸಹ್ಯವಾಗಿ ಕಾಣುತ್ತದೆ. ಎರಡೂ ಅಂಚು ಸಮ ಮಾಡುವ ‘ಜಸ್ಟಿಫೈ’ ಕವಿತೆಗೆ ಕೂಡದು.

ಪುಟದ ತುದಿಯಲ್ಲಿ ಚರಣ ಮುಗಿದರೆ ಮುಂದೆ ಬಿಡುವಿದೆಯೋ ಇಲ್ಲವೋ ಎಂಬುದು ತಿಳಿಯದು. ಒಂದೆರಡು ಸಾಲು ಆಚೀಚೆ ಸರಿಸಿ, ಚರಣದ ನಡುವೆಯೇ ಪುಟ ತಿರುಗುವಂತೆ ಮಾಡಿ. ಎರಡು ಪುಟದ ಕವಿತೆ ಎಡಪುಟದಲ್ಲಿ ಶುರುವಾದರೆ ಪೂರ್ತಿ ಒಟ್ಟಿಗೆ ಕಾಣುತ್ತದೆ.

ಮುಖಪುಟಕ್ಕೆ ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರ ಬೇಡ. ಹಕ್ಕಿನ ತೊಂದರೆ ಒಂದು ಕಡೆ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಇಲ್ಲದೆ ಮಸುಕಾಗುವುದು ಇನ್ನೊಂದು ಕಡೆ. ಅಂಚು ಕತ್ತರಿಸುವಾಗ ಹೋಗಲೆಂದು ಚಿತ್ರವನ್ನು ಸುತ್ತ 3 ಮಿ.ಮೀ. ಹೆಚ್ಚುವರಿ ಬಿಡಿ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದ 96 ಪುಟ ಸುಮಾರು 5 ಮಿ.ಮೀ. ದಪ್ಪ ಬರುತ್ತದೆ, ಬೆನ್ನಿನ ಮೇಲೆ ಉದ್ದ ಶೀರ್ಷಿಕೆ ಹಿಡಿಸದು. ಒಳಗೆ ಬೆಳ್ಳಗೆ ಹೊಳೆಯುವ ಕಾಗದಕ್ಕಿಂತ ತುಸು ಹಳದಿ ಛಾಯೆಯದೇ ಮೇಲು.

‘ಹತ್ತೇ ದಿನದಲ್ಲಿ ಪುಸ್ತಕ’ ಎನ್ನುವ ಪ್ಯಾಕೇಜುಗಳಿಗೆ ಸಹಿ ಹಾಕುವ ಮುನ್ನ ಹಕ್ಕುಸ್ವಾಮ್ಯ ಯಾರ ಹೆಸರಿನಲ್ಲಿ ಉಳಿಯುತ್ತದೆ, ಎಷ್ಟು ವರ್ಷಕ್ಕೆ ಎಂದು ಓದಿ. ಇ–ಪುಸ್ತಕಕ್ಕೆ ಬೇರೆಯದೇ ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಬೇಕು, ಅಚ್ಚಿನ ಪ್ರತಿಯದನ್ನೇ ಅಂಟಿಸುವಂತಿಲ್ಲ.

ಎಲ್ಲ ಪ್ರತಿ ಮುದ್ರಿಸುವ ಮುನ್ನ ಬೈಂಡಿಂಗ್ ಆದ ಒಂದು ಮಾದರಿ ಪ್ರತಿ ಕೇಳಿ ಪಡೆಯಿರಿ. ನಡುವೆ ಬಿಡಿಸಿ, ಬಲಪುಟದ ಸಾಲುಗಳ ಮೊದಲ ಅಕ್ಷರ ಸಂದಿಗೆ ಸೇರಿಕೊಂಡಿದೆಯೇ ನೋಡಿ. ಸೇರಿದ್ದರೆ ಒಳ ಅಂಚು ಹೆಚ್ಚಿಸಬೇಕು. ಆಗ ಸಾಲಿನ ಜಾಗ ಕಿರಿದಾಗುತ್ತದೆ, ಉಕ್ಕಿದ ಸಾಲುಗಳನ್ನು ಮೊದಲ ಪುಟದಿಂದ ಮತ್ತೆ ನೋಡಬೇಕಾಗುತ್ತದೆ.