ಸ್ಟಾರ್ ಟ್ರೆಕ್‌ನ ಕೋರ್ಟು ಕಂತುಗಳನ್ನು ನೋಡುವುದು ಹೇಗೆ

ಬಾಹ್ಯಾಕಾಶದ ಸೀರಿಯಲ್ಲಿನಲ್ಲಿ ಕೋರ್ಟು ಸೀನ್ ಬಂತು ಅಂದರೆ ನಾವೆಲ್ಲ ತೀರ್ಪಿಗೆ ಕಾಯುತ್ತಾ ಕೂರುತ್ತೇವೆ. ಅದನ್ನು ಬಿಡಿ. ನಮ್ಮ ಕಡೆಯವರೇ ಗೆಲ್ಲೋದು, ಗೊತ್ತಿದ್ದದ್ದೇ. ಕೋರ್ಟಿನ ಮುಂದಿರುವ ಪ್ರಶ್ನೆ ಏನು ಅಂತ ಮೊದಲು ನೋಡಿ.

'ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್'ನ 'ದ ಮೆಷರ್ ಆಫ್ ಎ ಮ್ಯಾನ್' ಕಂತಿನಿಂದ ಶುರು ಮಾಡಿ. 1989ರದು. ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ಮೊದಲು ವಕೀಲರಾಗಿದ್ದವರು. ಡೇಟಾ ಎಂಬ ಆಂಡ್ರಾಯ್ಡ್ (ಮನುಷ್ಯನಂತೆ ಕಾಣುವ, ಯೋಚಿಸುವ ಯಂತ್ರ) ಅಧಿಕಾರಿಯನ್ನು ಬಿಚ್ಚಿ ನೋಡಬೇಕು ಅಂತ ಒಬ್ಬ ವಿಜ್ಞಾನಿ ಬರುತ್ತಾನೆ. ಡೇಟಾ ಒಪ್ಪದೆ ರಾಜೀನಾಮೆ ಕೊಡುತ್ತಾನೆ. ಹಡಗಿನ ಕಂಪ್ಯೂಟರ್ ಹೀಗೆ ಬೇಡ ಅಂದರೆ ಕೇಳ್ತೀರಾ ಅನ್ನೋದು ವಿಜ್ಞಾನಿಯ ವಾದ.

ಇಲ್ಲಿ ವಿಡಿಯೊ ನಿಲ್ಲಿಸಿ. ಡೇಟಾ ವ್ಯಕ್ತಿಯೋ, ಇಲಾಖೆಯ ಸೊತ್ತೋ? ಇದು 1857ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದಿದ್ದ ಡ್ರೆಡ್ ಸ್ಕಾಟ್ ಕೇಸಿನ ಪ್ರಶ್ನೆಯೇ. ಗುಲಾಮಗಿರಿ ಇಲ್ಲದ ಜಾಗದಲ್ಲಿ ವರ್ಷಗಟ್ಟಲೆ ಇದ್ದ ಗುಲಾಮ ಸ್ಕಾಟ್ ಬಿಡುಗಡೆ ಕೇಳಿದರೆ, ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ, ಆದ್ದರಿಂದ ಈ ಕೋರ್ಟಿಗೆ ಬರುವ ಹಕ್ಕೇ ಇಲ್ಲ ಅಂತ 7-2ರಲ್ಲಿ ತೀರ್ಪಾಯಿತು. ಸ್ನಾಡ್‌ಗ್ರಾಸ್‌ಗೆ ಕತೆಯ ಬೀಜ ಸಿಕ್ಕಿದ್ದು ಅಲ್ಲೇ. ಡೇಟಾನ ಪರ ವಾದಿಸುವ ಹಡಗಿನ ಕ್ಯಾಪ್ಟನ್ ಪಿಕಾರ್ಡ್‌ಗೆ ಇದು ಹೊಳೆಯುವಂತೆ ಮಾಡುವ ಗೈನನ್ ಪಾತ್ರದಲ್ಲಿ ವೂಪಿ ಗೋಲ್ಡ್‌ಬರ್ಗ್ ಇದ್ದಾರೆ, ಆ ಮಾತುಕತೆಯನ್ನು ಎರಡು ಸಲ ನೋಡಿ.

ಕಾನೂನಿನಲ್ಲಿ ವ್ಯಕ್ತಿ ಅಂದರೆ ಮನುಷ್ಯ ಮಾತ್ರ ಅಲ್ಲ. ನಮ್ಮ ದೇವಸ್ಥಾನದ ದೇವರ ಹೆಸರಲ್ಲೂ ಆಸ್ತಿ ಇರುತ್ತದೆ, ದೇವರ ಹೆಸರಲ್ಲೇ ಕೇಸು ಹಾಕಬಹುದು. 2017ರಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗಾ, ಯಮುನಾ ನದಿಗಳೂ ವ್ಯಕ್ತಿಗಳೇ ಅಂದಿತು, ಅದೇ ವರ್ಷ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹೀಗಿರುವಾಗ ಡೇಟಾನ ಕೇಸು ಅಷ್ಟೇನೂ ವಿಚಿತ್ರ ಅಲ್ಲ, ಅಲ್ವಾ?

ಎರಡನೆಯದಾಗಿ, ವಿಚಾರಣೆ ಎಲ್ಲಿ ಹಳಿ ತಪ್ಪುತ್ತದೆ ನೋಡಿ. ಡೇಟಾನ ವಿರುದ್ಧ ವಾದಿಸೋದು ಅವನ ಸ್ನೇಹಿತ, ಮೇಲಧಿಕಾರಿ ರೈಕರ್! ನಿಜವಾದ ಕೋರ್ಟಿನಲ್ಲಿ ಇದು ನಡೆಯೋದು ಕಷ್ಟ. ಕತೆಗೆ ಬೇಕಿತ್ತು, ಬಿಡಿ.

ಆಮೇಲೆ ಅದೇ ಸೀರಿಯಲ್ಲಿನ 1991ರ 'ದ ಡ್ರಮ್‌ಹೆಡ್' ಹಾಕಿಕೊಳ್ಳಿ. ಎಂಜಿನ್ ಸ್ಫೋಟ ಬರೀ ಅಪಘಾತ ಅಂತ ಗೊತ್ತಾದ ಮೇಲೂ ತನಿಖೆ ನಿಲ್ಲೋದಿಲ್ಲ. ತಾತ ಶತ್ರು ಜನಾಂಗದವನಾ ಅಂತ ಕೇಳಿದಾಗ ಒಬ್ಬ ಹುಡುಗ ಉತ್ತರಿಸದೆ ಇರುವ ಹಕ್ಕು ಬಳಸುತ್ತಾನೆ, ಆ ಮೌನವೇ ಅವನ ಅಪರಾಧ ಆಗಿಬಿಡುತ್ತದೆ. ಅಮೆರಿಕದಲ್ಲಿ 1950ರ ದಶಕದ ಮೆಕಾರ್ಥಿ ಕಾಲದಲ್ಲಿ, ಅಂದರೆ ಸೆನೆಟರ್ ಮೆಕಾರ್ಥಿಯಂಥವರು ಕಮ್ಯುನಿಸ್ಟರೆಂದು ಜನರನ್ನು ಶಂಕಿಸಿ ಬೇಟೆಯಾಡಿದಾಗ, ಆದದ್ದೂ ಇದೇ. ನಮ್ಮ ಸಂವಿಧಾನದ 20(3)ನೇ ವಿಧಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ನೋಡಿ: ಆರೋಪಿಯಿಂದ ಅವನ ವಿರುದ್ಧವೇ ಬಲವಂತವಾಗಿ ಸಾಕ್ಷಿ ಹೇಳಿಸುವಂತಿಲ್ಲ.

ಕೊನೆಗೆ ಇನ್ನೊಂದು ಸ್ಟಾರ್ ಟ್ರೆಕ್ ಸೀರಿಯಲ್ 'ಡೀಪ್ ಸ್ಪೇಸ್ ನೈನ್'ನ 'ಟ್ರಿಬ್ಯೂನಲ್'. ಕತೆಯ ಕಾರ್ಡಾಸಿಯಾ ಗ್ರಹದಲ್ಲಿ ತೀರ್ಪು ಮೊದಲು, ವಿಚಾರಣೆ ಆಮೇಲೆ. ಆರೋಪಿ ಬಿಡುಗಡೆಯಾದಾಗ ಅವನ ವಕೀಲನ ಮುಖ ನೋಡಿ, ಪಾಪ, ಕೇಸು ಗೆದ್ದದ್ದಕ್ಕೆ ತನ್ನನ್ನು ಕೊಲ್ಲುತ್ತಾರೆ ಅಂತ ನಡುಗುತ್ತಾ ನಿಂತಿರುತ್ತಾನೆ.