ಉಷ್ಣವಲಯದಿಂದ ಮರಳಿದ ಮೇಲೆ ಜ್ವರ, ಮಂಪರು, ಫಿಟ್ಸ್ ಕಾಣಿಸಿಕೊಂಡರೆ ಏನು ಮಾಡಬೇಕು?

ಉಷ್ಣವಲಯದ ದೇಶಗಳಿಂದ ಹಿಂದಿರುಗಿದವರಿಗೆ ಜ್ವರದ ಜೊತೆಗೆ ಮಂಪರು, ಗೊಂದಲ ಅಥವಾ ಫಿಟ್ಸ್ ಕಾಣಿಸಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಫಾಲ್ಸಿಪಾರಂ ಎಂಬ ಪರಾವಲಂಬಿಯಿಂದ ಬರುವ ಮಲೇರಿಯಾವನ್ನು. ಈ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣಗಳು ಮಿದುಳಿನ ಸೂಕ್ಷ್ಮ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡು ರಕ್ತಸಂಚಾರಕ್ಕೆ ತಡೆಯೊಡ್ಡುವುದರಿಂದ, ಬರೀ ಜ್ವರವಿದ್ದ ವ್ಯಕ್ತಿ ಒಂದೆರಡು ದಿನಗಳಲ್ಲೇ ಪ್ರಜ್ಞೆ ಕಳೆದುಕೊಳ್ಳಬಹುದು. ಹಾಗಾಗಿ ಜ್ವರ ಬಂದ ದಿನವೇ ಆಸ್ಪತ್ರೆಗೆ ಹೋಗಬೇಕು.

ಅಲ್ಲಿ ವೈದ್ಯರು ಕೇಳುವ ಮೊದಲೇ ಪ್ರಯಾಣದ ವಿಷಯ ತಿಳಿಸಿ: ಯಾವ ದೇಶ, ಯಾವ ಪ್ರದೇಶ, ಮರಳಿದ ದಿನಾಂಕ ಯಾವುದು. ಸೊಳ್ಳೆ ಕಚ್ಚಿದ 7 ದಿನಗಳೊಳಗೆ ಈ ಮಲೇರಿಯಾ ಸಾಮಾನ್ಯವಾಗಿ ತಲೆದೋರುವುದಿಲ್ಲ. ಹೆಚ್ಚಿನವರಲ್ಲಿ ಮರಳಿದ ಮೂರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಮುಂಜಾಗ್ರತೆಯ ಮಾತ್ರೆ ನುಂಗಿದ್ದರೂ ಸೋಂಕು ತಗುಲಿರಬಹುದೆಂಬುದನ್ನು ಮರೆಯಬಾರದು.

ನಂತರದ ಹೆಜ್ಜೆ ರಕ್ತಪರೀಕ್ಷೆ. ಒಂದು ಸಲ ರಕ್ತಲೇಪನದಲ್ಲಿ (ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತದ ಹನಿ) ಏನೂ ಸಿಗದಿದ್ದ ಮಾತ್ರಕ್ಕೆ ನಿರಾಳವಾಗುವಂತಿಲ್ಲ. 12ರಿಂದ 24 ಗಂಟೆಗಳ ಅಂತರದಲ್ಲಿ ಒಟ್ಟು ಮೂರು ಸಲವಾದರೂ ನೋಡಬೇಕು. ತೀವ್ರ ಮಲೇರಿಯಾ ಖಚಿತವಾದರೆ ರಕ್ತನಾಳಕ್ಕೆ ಆರ್ಟಿಸುನೇಟ್ ಎಂಬ ಮಲೇರಿಯಾ ಔಷಧದ ಚುಚ್ಚುಮದ್ದು ಕೊಡುತ್ತಾರೆ.

ಮಲೇರಿಯಾ ಅಲ್ಲವೆಂದಾದರೆ, ಪ್ರವಾಸದಲ್ಲಿ ಮಾಡಿದ್ದು, ತಿಂದದ್ದು ಸುಳಿವು ಕೊಡುತ್ತದೆ. ಆಗ್ನೇಯ ಏಷ್ಯಾದಲ್ಲಿ ಹಸಿ ಬಸವನಹುಳುವನ್ನೋ ಸರಿಯಾಗಿ ತೊಳೆಯದ ಸೊಪ್ಪನ್ನೋ ತಿಂದವರಿಗೆ ಕೆಲವು ವಾರಗಳಲ್ಲಿ ತೀವ್ರ ತಲೆನೋವು ಬಂದರೆ, ಇಲಿಯ ಶ್ವಾಸಕೋಶದ ಹುಳುವಿನ ಮರಿಗಳು ಮಿದುಳಿನ ಪೊರೆ ತಲುಪಿರಬಹುದು. ಬೆನ್ನುಹುರಿಯ ದ್ರವದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚಿರುವುದು ಇದರ ಗುರುತು. ಆಫ್ರಿಕಾದ ಅಭಯಾರಣ್ಯದಲ್ಲಿ ತ್ಸೆತ್ಸೆ ನೊಣ ಕಚ್ಚಿದ್ದರೆ ಆ ನೊಣ ಹರಡುವ ಪರಾವಲಂಬಿಯಿಂದ ಬರುವ ನಿದ್ರಾರೋಗವನ್ನೂ ಪರಿಗಣಿಸಬೇಕು.

ವರ್ಷಗಳ ಬಳಿಕ ಏಕಾಏಕಿ ಫಿಟ್ಸ್ ಬಂದರೆ ಕಥೆಯೇ ಬೇರೆ. ಹಂದಿ ಲಾಡಿಹುಳುವಿನ ಮರಿಚೀಲಗಳು ಮಿದುಳಿನಲ್ಲಿ ಸದ್ದಿಲ್ಲದೆ ಉಳಿದು ಹೀಗೆ ಫಿಟ್ಸ್ ತರಬಹುದು. ಹಂದಿಮಾಂಸ ತಿನ್ನದವರಿಗೆ ಇದು ಬರದೆಂಬ ನಂಬಿಕೆ ತಪ್ಪು, ಏಕೆಂದರೆ ಈ ಸೋಂಕು ಹರಡುವುದು ಲಾಡಿಹುಳುವಿರುವ ಮನುಷ್ಯನ ಮಲದ ಮೂಲಕ ನೀರು, ಆಹಾರ, ಕೈಗಳನ್ನು ಸೇರುವ ಮೊಟ್ಟೆಗಳಿಂದ. ಎಂಆರ್‌ಐ, ಸಿಟಿ ಸ್ಕ್ಯಾನ್‌ಗಳಲ್ಲಿ ಈ ಚೀಲಗಳು ಕಾಣುತ್ತವೆ.

ಇಲ್ಲಿ ಬಹಳ ಜನ ಎಡವುತ್ತಾರೆ: ಅಂಗಡಿಯಿಂದ ಜಂತುಹುಳುವಿನ ಮಾತ್ರೆ ತಂದು ತಾವೇ ನುಂಗಬಾರದು. ಚೀಲಗಳು ಒಮ್ಮೆಗೇ ಸತ್ತರೆ ಸುತ್ತಲಿನ ಮಿದುಳು ಊದಿಕೊಂಡು ಫಿಟ್ಸ್ ಉಲ್ಬಣಿಸಬಹುದು. ಆದ್ದರಿಂದಲೇ ವೈದ್ಯರು ಮೊದಲು ಕಣ್ಣಿನಲ್ಲಿ ಚೀಲವಿಲ್ಲವೆಂದು ಖಚಿತಪಡಿಸಿಕೊಂಡು, ಸ್ಟಿರಾಯ್ಡ್ ಆರಂಭಿಸಿ, ಆಮೇಲಷ್ಟೇ ಅಲ್ಬೆಂಡಜೋಲ್ ಎಂಬ ಜಂತುಹುಳುವಿನ ಔಷಧ ಕೊಡುತ್ತಾರೆ.